ಮೂರನೇ ಯಂತ್ರದ ಕೂಗು

ಮೊದಲು ಹೂಂ ಅಂದವಳು ನಾನೇ. ಇದನ್ನು ಮುಚ್ಚಿಟ್ಟು ಮಿಕ್ಕಿದ್ದನ್ನು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಕಾರ್ಖಾನೆಯವರು ಮೋಸಗಾರರು ನಾವು ಪಾಪದವರು ಎಂದು ಮುಗಿಸಿಬಿಡಬಹುದು. ಆದರೆ ಹೊಳೆಯಾಚೆಯ ಊರಿನಲ್ಲಿ ಈಗ ಪೆಟ್ಟಿಗೆ ಹಂಚುತ್ತಿದ್ದಾರೆಂದು ಸುದ್ದಿ ಬಂದಿದೆ. ಅಲ್ಲಿಯೂ ನನ್ನಂಥವಳೊಬ್ಬಳು ಮುಂದಿನ ಸಾಲಿನಲ್ಲಿ ಕೂತು, ಮೊಣಕಾಲು ನೀವಿಕೊಳ್ಳುತ್ತ, ಹೂಂ ಅನ್ನಲು ಬಾಯಿ ತೆರೆದಿರುತ್ತಾಳೆ. ಇದು ಅವಳಿಗೆ.

ನಮ್ಮೂರಲ್ಲಿ ಮಣಿಕಟ್ಟಿನಿಂದ ಕೈ ಬಿಚ್ಚಿಡುವುದು ಹೊಸದೇನಲ್ಲ. ನನ್ನ ಅಜ್ಜಿ ಎರಡೂ ಕೈಗಳನ್ನು ಶೇಂಗಾ ಬುಟ್ಟಿಯ ಮುಂದೆ ಬಿಟ್ಟು ಓಣಿಯ ತುದಿಯವರೆಗೆ ಹರಟೆಗೆ ಹೋಗುತ್ತಿದ್ದಳು. ಬರುವಷ್ಟರಲ್ಲಿ ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ. ಬಿಚ್ಚಿದ ಕೈ ತನಗೆ ಗೊತ್ತಿರುವ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಒಡತಿ ಬಂದು ಮಣಿಕಟ್ಟಿಗೆ ಕೂಡಿಸಿಕೊಂಡರೆ ಮಾತ್ರ ಕೆಲಸ ಬಿಟ್ಟು ಬರುತ್ತದೆ. ಬೇರೆಯವರು ಎಳೆದರೆ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಅದಕ್ಕಾದ ನೋವು ಆಗಿಂದಾಗ ನಮಗೆ ಮುಟ್ಟುವುದಿಲ್ಲ. ಕೂಡಿಸಿದ ಕ್ಷಣಕ್ಕೆ ದಿನದ ನೋವೆಲ್ಲ ಒಂದೇ ಸಲ ಬರುತ್ತದೆ. “ಕೂಡಸೂಮುಂದ ಹಲ್ಲು ಕಚ್ಚಬೇ” ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಶೇಂಗಾ ಸುಲಿದ ನೋವು ಎಷ್ಟಿದ್ದೀತು? ಹಲ್ಲು ಕಚ್ಚುವಷ್ಟರಲ್ಲಿ ಮುಗಿಯುತ್ತಿತ್ತು.

ನಾವು ಓಣಿಯ ಹೆಂಗಸರೆಲ್ಲ ಹಂಚಿನ ಕಾರ್ಖಾನೆಯವರು. ಹೊಳೆದಂಡೆಯ ಜೇಡಿಮಣ್ಣನ್ನು ತುಳಿದು, ಹದ ಮಾಡಿ, ಅಚ್ಚಿಗೆ ಹಾಕಿ, ಹಂಚು ಒತ್ತುವುದು. ಒಂದೊಂದು ಯಂತ್ರಕ್ಕೆ ಇಬ್ಬರು. ಒಬ್ಬಳು ಕೆಳಗಿನ ಅಚ್ಚಿನಲ್ಲಿ ಮಣ್ಣು ಹಾಸಿ ಅಂಚು ಒತ್ತುತ್ತಾಳೆ, ಇನ್ನೊಬ್ಬಳು ಚಕ್ರ ತಿರುಗಿಸಿ ಮೇಲಿನ ಅಚ್ಚು ಇಳಿಸುತ್ತಾಳೆ. ಇಳಿಸುವ ಮೊದಲು ಚಕ್ರದವಳು “ಬಂತು!” ಎಂದು ಕೂಗಬೇಕು. ಮಣ್ಣಿನವಳು ಕೈ ಹೊರಗೆಳೆದು “ತಗದೆ!” ಅನ್ನಬೇಕು. ಅದು ಕಿವಿಗೆ ಬಿದ್ದ ಮೇಲೆಯೇ ಚಕ್ರ. ಇದನ್ನು ಯಾವ ಸಾಹೇಬನೂ ಕಲಿಸಿದ್ದಲ್ಲ. ಹಿಂದೆ ಯಾವಳೋ ಒಬ್ಬಳ ಬೆರಳು ಹೋದ ಮರುದಿನದಿಂದ ಹೆಂಗಸರು ತಾವಾಗಿ ಕಟ್ಟಿಕೊಂಡ ಪದ್ಧತಿ. ಹನ್ನೆರಡು ಯಂತ್ರ, ಇಡೀ ದಿನ ಬಂತು ತಗದೆ, ಬಂತು ತಗದೆ. ಹೊರಗಿನವರಿಗೆ ಜಗಳ ಹತ್ತಿದಂತೆ ಕೇಳಬೇಕು. ಮೂರನೇ ಯಂತ್ರದಲ್ಲಿ ಚಕ್ರ ನನ್ನದು, ಮಣ್ಣು ನೀಲವ್ವನದು. ನಾಲ್ಕು ವರ್ಷ ಅವಳ “ತಗದೆ” ಕೇಳಿದ್ದೇನೆ. ಅದನ್ನು ಅವಳು ಹೇಗೆ ಅಂದಳೆಂಬುದರ ಮೇಲೆಯೇ ಅವಳು ಬೆಳಿಗ್ಗೆ ಉಂಡು ಬಂದಿದ್ದಾಳೋ ಇಲ್ಲವೋ ಹೇಳಬಲ್ಲವಳಾಗಿದ್ದೆ. ಅವಳು ಬಸುರಿ ಅಂತ ಅವಳ ಗಂಡನಿಗಿಂತ ಮೊದಲು ಗೊತ್ತಾದದ್ದು ನನಗೆ. ಒಂದು ದಿನ ದನಿ ಅರ್ಧಕ್ಕೆ ನಿಂತು ವಾಂತಿಗೆ ಓಡಿದಳು.

ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಬಿಬಿಜಾನ್ ಚಾಚಿ ಪೇಪರ್ ಓದುತ್ತಿದ್ದಳು. ನಮ್ಮೆಲ್ಲರಿಗಿಂತ ಹಿರಿಯಳು, ಭಟ್ಟಿಯ ಬಾಯಲ್ಲಿ ಮೂವತ್ತು ವರ್ಷ ನಿಂತವಳು. ರೊಟ್ಟಿ ಸುತ್ತಿ ತಂದ ಪೇಪರನ್ನೇ ತೊಡೆಯ ಮೇಲೆ ಹರವಿ ಓದುವುದು. ಎಣ್ಣೆ ಬಿದ್ದಲ್ಲಿ ಸುದ್ದಿ ಅರ್ಧಕ್ಕೆ ನಿಲ್ಲುತ್ತಿತ್ತು, ಉಳಿದರ್ಧವನ್ನು ನಾವು ಜಗಳಾಡಿ ತುಂಬುತ್ತಿದ್ದೆವು. ನಾನು ಅಕ್ಷರ ಕಲಿತದ್ದು ಆ ಎಣ್ಣೆ ಪೇಪರಿನಲ್ಲೇ. ಷೆಡ್ಡಿಗೆ ಎರಡು ಕಿಟಕಿ ಬಂದದ್ದು, ನೀರಿನ ಹರವಿ ಬಂದದ್ದು, ಮೈ ಮುಟ್ಟಿ ಮಾತಾಡುತ್ತಿದ್ದ ಒಬ್ಬ ಮೇಸ್ತ್ರಿ ಕೆಲಸ ಬಿಟ್ಟು ಓಡಿದ್ದು, ಎಲ್ಲವೂ ಆ ಅರ್ಧ ಗಂಟೆಯ ಹುಟ್ಟು. ಮ್ಯಾನೇಜರ್ ಚಿದಂಬರ ಆ ಹೊತ್ತಿಗೆ ಬಾಗಿಲ ಬಳಿ ಸುಮ್ಮನೆ ಸುಳಿದಾಡುತ್ತಿದ್ದ.

ಒಂದು ದಿನ ಅವನೇ ನಮ್ಮನ್ನು ಕೂಡಿಸಿ ಕುರ್ಚಿಯ ಮೇಲೆ ನಿಂತ. “ನೋಡ್ರಿ, ಇನ್ನ ಮ್ಯಾಲೆ ನೀವು ಯಾರೂ ಎರಡೆರಡು ಮೈಲಿ ನಡದು ಬರೂದು ಬ್ಯಾಡ. ಬಿಸಲಾಗ ಬ್ಯಾಡ, ಕೆಸರಾಗ ಬ್ಯಾಡ. ಕೈ ಅಷ್ಟ ಕಳಸ್ರಿ. ಗಾಡಿ ನಿಮ್ಮ ಬಾಗಲಿಗೇ ಬರ್ತೈತಿ. ಸಂಜೀಕ ಹಂಗ ತಿರುಗಿ ತಂದು ಮುಟ್ಟಸ್ತೈತಿ. ಮನ್ಯಾಗ ಇರ್ರಿ, ಮಕ್ಕಳ್ನ ನೋಡ್ಕೋರಿ.”

ಷೆಡ್ಡಿನಲ್ಲಿ ಗುಜುಗುಜು ಎದ್ದಿತು. ಬಿಬಿಜಾನ್ ಚಾಚಿ ಎದ್ದು ನಿಂತಳು. “ಸಾಹೇಬರ, ಕೈ ನೀವು ಒಯ್ತೀರಿ. ಬಾಯಿ?”

“ಬಾಯಿ ಯಾಕ ಬೇಕ ಚಾಚಿ? ಹಂಚು ಒತ್ತಾಕ ಬಾಯಿ ಬೇಕೇನು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಬಲ ಮೊಣಕಾಲು ಆ ವರ್ಷ ಊದಿಕೊಂಡಿತ್ತು, ಹೋಗಿಬಂದರೆ ನಾಲ್ಕು ಮೈಲಿ. ನೀಲವ್ವನ ಕೂಸಿಗೆ ಎರಡು ತಿಂಗಳು. ಕೆಲಸದ ನಡುವೆ ಹಾಲು ಕಟ್ಟಿ ರವಿಕೆ ತೊಯ್ದು, ಮಣ್ಣಿನ ಮೇಲೆ ಬಾಗಿ ನಿಂತು ಅಳುತ್ತಿದ್ದಳು. ಅವಳು ನನ್ನ ಸೆರಗು ಜಗ್ಗಿ, “ಯಕ್ಕಾ, ಹೂಂ ಅನ್ನು. ನೀ ಅಂದ್ರ ಎಲ್ಲಾರೂ ಅಂತಾರ” ಅಂದಳು. ಅಂದೆ. ಕಾರಣಗಳು ಸುಳ್ಳಿರಲಿಲ್ಲ.

ಚಾಚಿಯೊಬ್ಬಳು ಒಪ್ಪಲಿಲ್ಲ. “ನಾನು ಕೈ ಒಂದ ದುಡಿಯಾಕ ಹುಟ್ಟಿದಾಕಿ ಅಲ್ಲ” ಅಂದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹೊಡೆದು ಕೆಲಸದಿಂದ ತೆಗೆದರು. ಅವಳು ಓಣಿಯ ತುದಿಯಲ್ಲಿ ಮಿರ್ಚಿ ಕರಿಯಲು ಕೂತಳು.

ಪೆಟ್ಟಿಗೆಗಳು ಬಂದವು. ಮರದವು, ಒಳಗೆ ಹಸಿ ಗೋಣಿತಟ್ಟು, ಮುಚ್ಚಳದ ಮೇಲೆ ಸುಣ್ಣದಲ್ಲಿ ಬರೆದ ಅಕ್ಷರ. ನನ್ನದರ ಮೇಲೆ “೩ – ಚಕ್ರ” ಎಂದಿತ್ತು. ಬೆಳಿಗ್ಗೆ ಬಲಗೈಯಿಂದ ಎಡಗೈ ಬಿಚ್ಚಿ ಇಡುವುದು, ಬಲಗೈಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ತಿರುವಿ ಪೆಟ್ಟಿಗೆಯೊಳಗೆ ಬೀಳಿಸುವುದು. ಗಾಡಿಯ ತಿಪ್ಪಣ್ಣ ಮುಚ್ಚಳ ಹಾಕಿ ಒಯ್ಯುತ್ತಿದ್ದ. ಮೊದಲ ದಿನವೇ ಬಳೆಗಳು ಉದುರಿದವು. ಕೈಯಿಲ್ಲದ ತೋಳಿನಲ್ಲಿ ಬಳೆ ನಿಲ್ಲುವುದಾದರೂ ಹೇಗೆ? ಓಣಿಯಲ್ಲಿ ಮನೆಮನೆಯ ಗೂಟಕ್ಕೆ ಹಸಿರು ಬಳೆಗಳ ಸರ ತೂಗಿತು.

ಮನೆಯಲ್ಲಿದ್ದೆವು. ಅದೇನು ಸುಖವೋ ನೋಡಿ. ಹಸಿವಾದರೆ ಯಾರಾದರೂ ಉಣ್ಣಿಸಬೇಕು. ಮೂಗಿನ ಮೇಲೆ ನೊಣ ಕೂತರೆ ಗೋಡೆಗೆ ಮೂಗು ಉಜ್ಜಬೇಕು. ಮಗಳು ಜಡೆ ಹಾಕೆಂದು ಬಂದು ಬೆನ್ನು ತಿರುಗಿಸಿ ಕೂತರೆ, ಕೂತ ಮಗಳ ನೆತ್ತಿಯನ್ನು ಗದ್ದದಿಂದ ಸವರಿ ಕಳಿಸಬೇಕು. ಗಂಡಂದಿರು ಹೊರಗೆ ಹೇಳಿಕೊಂಡು ತಿರುಗಿದರು: “ನಮ್ಮಾಕಿ ಮನ್ಯಾಗ ಅದಾಳ್ರಿ, ಆರಾಮ.” ಮನೆಯವರ ಕಣ್ಣಿಗೆ ನಾವು ಇಡೀ ದಿನ ಖಾಲಿ ಕೂತವರು, ಕಾರ್ಖಾನೆಯ ಲೆಕ್ಕದಲ್ಲಿ ಇಡೀ ದಿನ ದುಡಿಯುವವರು. ಎರಡೂ ಕಡೆಯ ಬೈಗುಳ ನಮಗೇ.

ನೀಲವ್ವ ಬಯಸಿದ್ದು ಕೂಸಿಗೆ ಎದೆ ಕೊಡಲು. ಹಾಲಿತ್ತು, ಕೂಸಿತ್ತು, ಎತ್ತಿಕೊಳ್ಳಲು ಕೈಯಿರಲಿಲ್ಲ. ಬೆಳಿಗ್ಗೆ ಕೈ ಬಿಚ್ಚುವ ಮೊದಲೇ ಕೂಸನ್ನು ಹಳೆ ಸೀರೆಯಲ್ಲಿ ಎದೆಗೆ ಕಟ್ಟಿಕೊಂಡುಬಿಡುತ್ತಿದ್ದಳು, ಸಂಜೆಯವರೆಗೆ ಆ ಗಂಟು ಬಿಚ್ಚುವಂತಿಲ್ಲ. ಕೂಸು ಒಂದೆರಡು ಮಾಡಿದರೂ ಅವಳ ಮೈಮೇಲೇ. ಅವಳ ಅತ್ತೆ ಒಗೆಯಲು ಹೊಳೆಗೆ ಹೋಗುವಾಗ, ಕೂಸಿನ ಕಾಟಕ್ಕೆ ಸೊಸೆ ಹೊರಗೆ ಅಲೆಯಬಾರದೆಂದು ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಕೈಯಿಲ್ಲದವರು ಬೀದಿಗೆ ಬಂದರೆ ಚೆನ್ನಲ್ಲ ಎಂದು ಆಮೇಲೆ ಎಲ್ಲ ಮನೆಯಲ್ಲೂ ಅದೇ ರೂಢಿಯಾಯಿತು.

ಹಾಗೆ ಒಂದು ವರ್ಷ. ಐವತ್ತು ಹೆಜ್ಜೆಯ ಓಣಿಯಲ್ಲಿ ನೀಲವ್ವನ ಮುಖವನ್ನು ನಾನು ತಿಂಗಳಿಗೊಮ್ಮೆ ನೋಡಿದರೆ ಹೆಚ್ಚು.

ಸಂಜೆ ಗಾಡಿ ಬರುತ್ತಿತ್ತು. ಪ್ರತಿ ಮನೆಯ ಹೊಸ್ತಿಲಲ್ಲಿ ಒಬ್ಬೊಬ್ಬಳು ಮಂಡಿಯೂರಿ ಪೆಟ್ಟಿಗೆಯೊಳಗೆ ತೋಳು ತೂರಿ ಕೂಡಿಸಿಕೊಳ್ಳುತ್ತಿದ್ದಳು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ನರಳಾಟ. ಮೊದಮೊದಲು ಎಣಿಸಿ ಐದಾರು ಉಸಿರಿನ ನೋವು. ಹೋಗ್ತಾ ಹೋಗ್ತಾ ಗೋಡೆಗೆ ತಲೆಯಿಟ್ಟು ತುಂಬ ಹೊತ್ತು ಕೂರಬೇಕಾಯಿತು. ವಯಸ್ಸಾಯಿತು ಅಂದುಕೊಂಡೆ. ಪಕ್ಕದವಳೂ ಹಾಗೇ ಅಂದುಕೊಂಡಿದ್ದಳಂತೆ. ಅದರ ಪಕ್ಕದವಳು ತನ್ನ ರಕ್ತ ಕಡಿಮೆಯಾಗಿದೆ ಅಂದುಕೊಂಡಿದ್ದಳು. ಷೆಡ್ಡಿನಲ್ಲಿದ್ದಿದ್ದರೆ ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗುತ್ತಿತ್ತು, ರೊಟ್ಟಿ ಮುರಿಯುವಾಗ ಇಪ್ಪತ್ನಾಲ್ಕು ಜನ ಒಟ್ಟಿಗೆ ಅಯ್ಯೋ ಅನ್ನುತ್ತಿದ್ದೆವು. ಕಾರ್ಖಾನೆಯಲ್ಲಿ ಕೈಗಳಿಗೆ ಕೆಲಸ ಹೇಳುತ್ತಿದ್ದದ್ದು ಒಂದು ಬಡಿತ. ಎಲ್ಲ ಯಂತ್ರಗಳ ಅಡಿಗೆ ಹಾದುಹೋದ ಕಬ್ಬಿಣದ ಕಂಬಿಗೆ ಮ್ಯಾನೇಜರ್ ಕೋಣೆಯೊಳಗಿಂದ ಯಂತ್ರದ ಸುತ್ತಿಗೆಯೊಂದು ತಾನಾಗಿ ಬಡಿಯುತ್ತಿತ್ತು; ಕಿವಿಯಿಲ್ಲದ ಕೈಗೆ ಆ ಅದುರು ಸಾಕು. ಬಡಿತಕ್ಕೊಂದು ಹಂಚು. ಹನ್ನೆರಡು ಎಣಿಸುವಷ್ಟು ಇದ್ದ ಸಮಯ ಹತ್ತಾಗಿದ್ದೂ, ಹತ್ತು ಎಂಟಾಗಿದ್ದೂ ನಮಗೆ ಗೊತ್ತೇ ಆಗಲಿಲ್ಲ. ಯಾರು ಹೇಳಬೇಕು? ಅಲ್ಲಿದ್ದದ್ದು ಬರೀ ಕೈ.

ಒಂದು ಸಂಜೆ ಬಲಗೈ ಕೂಡಿಸಿಕೊಂಡಾಗ ನೋವಿನ ಜೊತೆ ಇನ್ನೊಂದು ಬಂತು. ಚಕ್ರ ಹಿಡಿದ ಕೈಗೆ ಅಚ್ಚು ಹೇಗೆ ಕೂತಿತೆಂದು ತಿಳಿಯುತ್ತದೆ. ಮಣ್ಣು ಸರಿಯಿದ್ದರೆ ಚಕ್ರ ಟಕ್ಕನೆ ನಿಲ್ಲುತ್ತದೆ, ಹಿಮ್ಮಡಿ ಕಲ್ಲಿಗೆ ತಾಗಿದ ಹಾಗೆ. ಹರಳಿದ್ದರೆ ಕರಕರ. ಆವತ್ತು ನನ್ನ ಅಂಗೈಯಲ್ಲಿ ಉಳಿದಿದ್ದು ಅವೆರಡೂ ಅಲ್ಲ. ಮೆತ್ತಗೆ ಏನೋ ಸಿಕ್ಕು, ಒಳಗೆ ಸಣ್ಣ ಕಡ್ಡಿಯಂಥದ್ದು ಲಟಕ್ಕೆಂದು, ಆಮೇಲೆ ನಿಂತ ಚಕ್ರ. ನಾನು ಕೈ ಕೊಡವಿದೆ. ಹೋಗಲಿಲ್ಲ. ಸೀರೆಗೆ ಒರೆಸಿಕೊಂಡೆ. ಹೋಗಲಿಲ್ಲ.

ನೀಲವ್ವನ ಮನೆಗೆ ಹೋದೆ. ಬಾಗಿಲಲ್ಲಿ ಕೂಸು ಮಲಗಿತ್ತು, ಅವಳು ಒಲೆಯ ಮುಂದೆ ಎಡಗೈಯಲ್ಲೇ ರೊಟ್ಟಿ ತಿರುವುತ್ತಿದ್ದಳು. ಬಲಗೈ ಸೆರಗಿನೊಳಗೆ.

“ಏನಬೇ ನೀಲಿ, ಎಡಗೈಲೆ ರೊಟ್ಟಿ ಬಡಿಯೂದು ಯಾವಾಗ ಕಲತಿ?”

“ಸುಮ್ನ ಯಕ್ಕಾ. ಬಾ, ಕೂಡು.”

“ಆ ಕೈ ತೋರಸು.”

“ಏನಿಲ್ಲ ಬಿಡು.”

“ತೋರಸ ಅಂದೆ!”

ತೋರಿಸಿದಳು. ಉಂಗುರದ ಬೆರಳಿನ ಉಗುರು ಕಪ್ಪಾಗಿ ಎದ್ದಿತ್ತು. ನಡುಬೆರಳಿನ ತುದಿ ತಟ್ಟಿದ ಹಿಟ್ಟಿನಂತೆ ಚಪ್ಪಟೆ.

“ಎಂಟು ದಿನಾ ಆತು. ದಿನಾ ಒಂದೀಟು ಒಂದೀಟು. ಇವತ್ತು ಭಾಳ ಆತು,” ಅಂದಳು. “ಯಾರಿಗೂ ಹೇಳಬ್ಯಾಡ ಯಕ್ಕಾ. ಪೆಟ್ಟಾದ ಕೈ ಅಂತ ಗೊತ್ತಾದ್ರ ಹೆಸರು ಹೊಡೀತಾರ. ಗಂಡ ಊರು ಬಿಟ್ಟು ಆರು ತಿಂಗಳಾತು, ನಿನಗ ಗೊತ್ತಿಲ್ಲೇನು? ಈ ಕೈ ಒಂದ ಐತಿ ನನಗ.” ಆಮೇಲೆ ಒಲೆಯ ಬೆಂಕಿಗೆ ಊದುತ್ತ, “ಕೈ ಅದಲು ಬದಲು ಮಾಡ್ಯಾರ ಕಾಣತೈತಿ, ಚಕ್ರದ ಮ್ಯಾಲೆ ಯಾವ ರಂಡಿ ಕೈ ಕೂಡ್ಸ್ಯಾರೋ ಏನೋ. ನೀ ಇದ್ದಾಗ ನಾಕು ವರ್ಷ ಒಂದು ಉಗುರು ಹರೀಲಿಲ್ಲ. ಆ ಕೈಗೆ ಹುಳಾ ಬೀಳ್ಲಿ” ಅಂದಳು.

ಹೊಸ್ತಿಲ ಪಕ್ಕ ಅವಳ ಪೆಟ್ಟಿಗೆ ಇತ್ತು. ನೀಲವ್ವನಿಗೆ ಓದು ಬರುವುದಿಲ್ಲ. ನಾನು ಓದಿದೆ. “೩ – ಅಚ್ಚು.”

ವರ್ಷವಿಡೀ ನಾವು ಅದೇ ಯಂತ್ರದಲ್ಲೇ ಇದ್ದೆವು. ಒಂದು ಮೊಳ ದೂರದಲ್ಲಿ. ಅವಳ ಬೆರಳನ್ನು ದಿನಕ್ಕೊಂದೀಟು ಅರೆಯುತ್ತಿದ್ದದ್ದು ಈಗ ನನ್ನ ಮಡಿಲಲ್ಲಿ ಮಲಗಿದ್ದ ಈ ಕೈ.

ಆಗಲೇ ಹೇಳಬೇಕಿತ್ತು. “ನೀಲಿ, ಅದು ನಂದು” ಅನ್ನಲು ಎಷ್ಟು ಹೊತ್ತು ಬೇಕು? ಅವಳು ಈಗಷ್ಟೇ ಆ ಕೈಗೆ ಹುಳ ಬೀಳಲಿ ಅಂದಿದ್ದಳು, ಅವಳ ಕಣ್ಣಲ್ಲಿ ನೀರಿತ್ತು, ನನಗೆ ನಾಚಿಕೆಯಾಯಿತು. ನಾಚಿಕೆ ಅನ್ನುವುದೂ ಸುಳ್ಳೇ, ಹೆದರಿಕೆ. “ನಾಳೆ ಕೈ ಕಳಸಬ್ಯಾಡ” ಅಂದೆ. “ನೀ ಉಣ್ಣಸ್ತಿಯೇನು?” ಅಂದಳು. “ಯಾವ ಕೈ, ಯಾರದು ಅಂತ ನಾ ಪತ್ತೆ ಹಚ್ಚತೀನಿ, ಆಕೀಗೆ ಹೇಳ್ತೀನಿ” ಅಂದು ಎದ್ದು ಬಂದೆ. ಓದು ಬಲ್ಲವಳು, ಓದಿದ್ದನ್ನು ನುಂಗಿ ಬಂದೆ.

ಮನೆಗೆ ಬಂದು ಬೀಸುಕಲ್ಲಿನ ಮುಂದೆ ಕೂತೆ. ಬಿಚ್ಚಿದ ಕೈ ಗೊತ್ತಿದ್ದದ್ದನ್ನೇ ಮಾಡುತ್ತದಲ್ಲ, ಹಾಗಾದರೆ ಇದಕ್ಕೊಂದು ಹೊಸದು ಕಲಿಸುತ್ತೇನೆ ಅಂದುಕೊಂಡೆ. ಗೂಟ ಹಿಡಿದು, ತಿರುಗಿಸುವ ಮೊದಲು ಹೆಬ್ಬೆರಳಿನಿಂದ ಎರಡು ಸಲ ಕುಟ್ಟುವುದು. ಟಕ್ ಟಕ್. ಆಮೇಲೆ ತಿರುಗಿಸುವುದು. ನೂರು ಸಲ, ಇನ್ನೂರು ಸಲ. ಬಾಯಿಲ್ಲದ ಕೈಯ “ಬಂತು” ಅದು. ಕೈ ಕಲಿತೂ ಕಲಿಯಿತು. ಆದರೆ ಕುಟ್ಟಿದರೆ ಹಿಂದೆ ಸರಿಯಬೇಕೆಂದು ನೀಲವ್ವನ ಕೈಗೆ ಕಲಿಸಿದವರಾರು? ಅವಳನ್ನು ಕರೆದು, ಕಲ್ಲಿನ ಆಚೆ ಕೂಡಿಸಿ, ನಾನು ಕುಟ್ಟಿ ಅವಳು ತೆಗೆದು, ಇಬ್ಬರೂ ಒಟ್ಟಿಗೆ ಕೂತು ಕಲಿಯಬೇಕಿತ್ತು. ಅದಕ್ಕೆ ಮೊದಲು ನಿಜ ಹೇಳಬೇಕಿತ್ತು. ನಾನು ಒಬ್ಬಳೇ ಕಲಿತೆ. ಮೂರ್ಖತನವೆಂದರೆ ಇದು: ಕೂಗನ್ನು ಒಬ್ಬಳೇ ಅಭ್ಯಾಸ ಮಾಡಿದೆ, ಉತ್ತರ ಕೊಡುವವಳನ್ನು ಬಿಟ್ಟು.

ಬೆಳಿಗ್ಗೆ ಕೈ ಕಳಿಸದೆ ಇರೋಣವೆನ್ನಿಸಿತು. ಕಳಿಸದಿದ್ದರೆ ಬೇರೆ ಯಾರದೋ ಕೈಯನ್ನು ಆ ಚಕ್ರಕ್ಕೆ ಹಾಕುತ್ತಾರೆ, ಅದಕ್ಕೆ ಕುಟ್ಟುವುದೂ ಗೊತ್ತಿರುವುದಿಲ್ಲ. ಹಾಗೆಂದು ಕಳಿಸಿದೆ. ತಿಪ್ಪಣ್ಣ ಪೆಟ್ಟಿಗೆ ಎತ್ತಿಕೊಂಡು ಹೋದ.

ಬಿಸಿಲು ಏರುವ ಹೊತ್ತಿಗೆ ಅವನು ಖಾಲಿ ಗಾಡಿ ಹೊಡೆದುಕೊಂಡು ಮತ್ತೆ ಓಣಿಗೆ ಬಂದ. ಕಿಟಕಿಯಿಂದ ಕೇಳಿದೆ, “ಯಾಕೋ ತಿಪ್ಪಣ್ಣ, ಇಷ್ಟು ಲಗೂನ?”

“ಶಾವಕ್ಕ, ಇವತ್ತು ಕೈ ಬರೂದು ತಡಾ ಆಗತೈತಿ, ಮನಿಮನಿಗೆ ಹೇಳಿ ಬಾ ಅಂದ್ರು. ಪರಊರಿಂದ ದೊಡ್ಡ ಬೇಡಿಕಿ ಬಂದೈತಂತ. ಬಡಿತ ಐದಕ್ಕ ಇಳಿಸ್ಯಾರ.”

“ಎಷ್ಟಕ್ಕ?”

“ಐದು. ಒಂದು ಎರಡು ಮೂರು ನಾಕು ಐದು, ದಡ್. ಕೈಗಳು ನೋಡಬೇಕ್ರಿ, ಕುಣಿದಂಗ ಕುಣ್ಯಾಕತ್ತಾವು.”

ಐದು ಎಣಿಸುವಷ್ಟರಲ್ಲಿ ಮಣ್ಣು ಹಾಸಿ ನಾಲ್ಕು ಅಂಚು ಒತ್ತಿ ಹೊರಗೆ ಬರಲು ಯಾವ ಕೈಗೂ ಆಗುವುದಿಲ್ಲ. ಇದರ ನಡುವೆ ನನ್ನ ಕೈ ಎರಡು ಸಲ ಕುಟ್ಟುತ್ತ ಹೊತ್ತು ಕಳೆಯುತ್ತದೆ. ಕಳೆದ ಹೊತ್ತನ್ನು ತುಂಬಲು ಚಕ್ರವನ್ನು ಇನ್ನೂ ಬಿರುಸಾಗಿ ಬಿಡುತ್ತದೆ. ನಾನು ಕಲಿಸಿದ್ದೇ ಅವಳ ಬೆರಳಿಗೆ ಮುಳುವು.

ಬಾಗಿಲಿಗೆ ಹೊರಗಿನಿಂದ ಚಿಲಕ. ಒದ್ದೆ. ಭುಜ ಕೊಟ್ಟೆ. “ಚಾಚೀ! ಬಿಬಿಜಾನ್ ಚಾಚೀ!” ಎಂದು ಕಿಟಕಿಗೆ ಬಾಯಿಟ್ಟು ಅರಚಿದೆ. ಓಣಿಯಲ್ಲಿ ಆ ಹೊತ್ತಿಗೆ ಕೈಯಿರುವ ಹೆಂಗಸು ಅವಳೊಬ್ಬಳೇ. ಬಾಣಲೆ ಇಳಿಸಿ, ಮಿರ್ಚಿ ತೆಗೆಯುವ ಕಬ್ಬಿಣದ ಜಾರ ಹಿಡಿದುಕೊಂಡೇ ಓಡಿಬಂದು ಚಿಲಕ ತೆಗೆದಳು.

“ಏನಾತ, ಯಾರರ ಸತ್ತರೇನು?”

ಹೇಳಿದೆ. ಉಸಿರು ತಿರುಗುವ ಮೊದಲು ಎಲ್ಲವನ್ನೂ ಹೇಳಿದೆ, ಚಕ್ರ ನನ್ನದೆಂಬುದನ್ನೂ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಬೈಯಲಿಲ್ಲ. ಜಾರವನ್ನು ಸೊಂಟಕ್ಕೆ ಸಿಕ್ಕಿಸಿ ಮುಂದಿನ ಮನೆಯ ಚಿಲಕ ತೆಗೆದಳು. ಅದರ ಮುಂದಿನದು. ಅದರ ಮುಂದಿನದು. ಒಂದೊಂದು ಬಾಗಿಲು ತೆರೆದಂತೆ ಒಬ್ಬೊಬ್ಬಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹೊರಗೆ ಬಂದಳು. “ಬಡಿತ ಐದಕ್ಕ ಇಳಿಸ್ಯಾರ!” ಎಂದು ನಾನು ಕೂಗಿದೆ. ಹೆಚ್ಚು ಹೇಳಬೇಕಾಗಲಿಲ್ಲ. ವರ್ಷಗಟ್ಟಲೆ ಹಂಚು ಒತ್ತಿದವರಿಗೆ ಐದು ಎಂದರೆ ಏನೆಂದು ಗೊತ್ತು. ನೀಲವ್ವ ಕೊನೆಯ ಮನೆಯಿಂದ ಬಂದಳು, ಎದೆಗೆ ಕಟ್ಟಿದ ಕೂಸಿನ ಸಮೇತ. ಅವಳಿಗೆ ಏನೂ ಕೇಳಲು ಬಿಡದೆ ನಾನು ಓಡಿದೆ. ಊದಿದ ಮೊಣಕಾಲಿನಲ್ಲಿ ಎರಡು ಮೈಲಿ. ಕೈಯಿಲ್ಲದೆ ಓಡುವುದು ಹೇಗಿರುತ್ತದೆಂದು ಹೇಳಲಾರೆ. ಬಿದ್ದರೆ ಮುಖವೇ ಮೊದಲು ನೆಲಕ್ಕೆ. ನಾಲ್ಕೈದು ಜನ ಬಿದ್ದರು. ಎದ್ದು ಓಡಿದರು. ದಾರಿಯುದ್ದಕ್ಕೂ ನನ್ನ ತಲೆಯೊಳಗೆ ಒಂದೇ ಎಣಿಕೆ. ಒಂದು ಎರಡು ಮೂರು ನಾಕು ಐದು.

ಗೇಟಿನಲ್ಲಿ ಚಿದಂಬರ ನಿಂತಿದ್ದ. ಇಪ್ಪತ್ತಕ್ಕೂ ಹೆಚ್ಚು ಹೆಂಗಸರು, ಚಾಚಿಯನ್ನು ಬಿಟ್ಟರೆ ಯಾರ ತೋಳಿಗೂ ಕೈಯಿಲ್ಲ, ಮುಖವೆಲ್ಲ ಮಣ್ಣು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮ್ಯಾನೇಜರ್ ಆದ.

“ಏನಿದು? ನಿಮ್ಮ ಕೈ ಕೆಲಸಾ ಮಾಡಾಕತ್ತಾವು. ನೀವ್ಯಾಕ ಬಂದ್ರಿ?”

“ಬಡಿತ ನಿಲ್ಸು,” ಅಂದೆ.

“ನಡುವ ನಿಲ್ಲಸಾಕ ಬರಂಗಿಲ್ಲ. ಸಂಜೀಕ ಬರ್ರಿ, ಮಾತಾಡೂನು. ಒಬ್ಬಾಕಿ ಬಂದು ಹೇಳ್ರಿ, ಇಷ್ಟು ಮಂದಿ ಯಾಕ?”

“ಇಷ್ಟು ಮಂದಿ ಅಂತ ಅಂಜಿಕಿ ಬಂತೇನೋ?” ಚಾಚಿ ಸೊಂಟದಿಂದ ಜಾರ ತೆಗೆದು ಗೇಟಿನ ಅಗಳಿಯೊಳಗೆ ತೂರಿಸಿ ಮೀಟಿದಳು. ನಾವು ಬೆನ್ನು ಕೊಟ್ಟು ತಳ್ಳಿದೆವು. ಚಿದಂಬರ ಓಡಿಹೋಗಿ ತನ್ನ ಕೋಣೆ ಸೇರಿ ಒಳಗಿನಿಂದ ಬೀಗ ಹಾಕಿಕೊಂಡ. ಸುತ್ತಿಗೆ ಇದ್ದದ್ದು ಆ ಕೋಣೆಯೊಳಗೇ. ಬಡಿತ ನಿಲ್ಲಲಿಲ್ಲ.

ಷೆಡ್ಡಿನ ಬಾಗಿಲು ತೆರೆದರೆ ಒಳಗೆ ಕತ್ತಲೆ. ಹಾಡಹಗಲೇ ಕತ್ತಲೆ. ನಾವು ಜಗಳಾಡಿ ಪಡೆದ ಎರಡು ಕಿಟಕಿಗೂ ಹಲಗೆ ಹೊಡೆದಿದ್ದರು, ಕೈಗಳಿಗೆ ಬೆಳಕೇಕೆ? ನೀರಿನ ಹರವಿ ಇದ್ದ ಜಾಗದಲ್ಲಿ ಪೆಟ್ಟಿಗೆಗಳ ರಾಶಿ. ಮನುಷ್ಯರ ವಾಸನೆಯೇ ಇಲ್ಲ. ಕತ್ತಲಲ್ಲಿ ಬರೀ ಸದ್ದು: ದಡ್, ಆಮೇಲೆ ಮಣ್ಣಿನ ಮೇಲೆ ಬೆರಳುಗಳ ಗಡಿಬಿಡಿ, ಚಕ್ರಗಳ ಕಿರುಗುಟ್ಟು, ದಡ್. ಒಂದು ಮೂಲೆಯಿಂದ ಮಾತ್ರ, ಪ್ರತಿ ಚಕ್ರಕ್ಕೂ ಮೊದಲು, ಟಕ್ ಟಕ್.

ಚಾಚಿ ಕಿಟಕಿಯ ಹಲಗೆ ಕಿತ್ತಳು. ಬೆಳಕು ಮೂರನೇ ಯಂತ್ರದ ಮೇಲೇ ಬಿತ್ತು. ಚಕ್ರದ ಮೇಲೆ ನನ್ನ ಎರಡು ಕೈಗಳು, ಮೊಣಕೈಯಿಲ್ಲ, ಹಿಂದೆ ಮೈಯಿಲ್ಲ, ಬೆರಳ ಗಂಟುಗಳು ಬೆಳ್ಳಗೆ ಬಿಗಿದು. ಕೆಳಗೆ ಅಚ್ಚಿನೊಳಗೆ ನೀಲವ್ವನ ಕೈಗಳು, ಎಡಗೈ ಮಣ್ಣು ಹಾಸುತ್ತ, ಬಲಗೈ ಕೆಂಪಾಗಿ, ಕಿರುಬೆರಳು ಬೇರೆಯೇ ದಿಕ್ಕಿಗೆ ತಿರುಗಿ, ಆದರೂ ಬಿಡದೆ ಅಂಚು ಒತ್ತುತ್ತ. ನನ್ನ ಹೆಬ್ಬೆರಳು ಎರಡು ಸಲ ಕುಟ್ಟಿತು. ನೀಲವ್ವನ ಕೈಗೆ ಅದೇನೆಂದು ಗೊತ್ತಿಲ್ಲ. ಚಕ್ರ ಹೊರಟಿತು.

ನಾನು ಯಂತ್ರಕ್ಕೆ ಬಿದ್ದೆ. ತಿರುಗುತ್ತಿರುವ ಕೈಗಳಿಗೆ ತೋಳು ಕೂಡಿಸುವುದನ್ನು ಯಾರೂ ಮಾಡಿದವರಿಲ್ಲ. ಬಲಗೈ ಒಮ್ಮೆಗೇ ಸಿಕ್ಕಿತು, ಎಡಗೈ ಎರಡನೇ ಸಲಕ್ಕೆ. ಆ ದಿನದ ನೋವೆಲ್ಲ, ಬೆಳಗಿನಿಂದ ಐದರ ಎಣಿಕೆಗೆ ಓಡಿದ ನೋವು, ಒಂದೇ ಬಾರಿಗೆ ಭುಜದವರೆಗೆ ಏರಿತು. ಅದರೊಳಗೆ ಅವಳ ಬೆರಳುಗಳ ಲಟಕ್ಕೂ ಇತ್ತು, ಒಂದಲ್ಲ, ಎಷ್ಟೋ. ಕೈ ಬಿಟ್ಟರೆ ಅಚ್ಚು ತನ್ನ ಭಾರಕ್ಕೇ ಇಳಿಯುತ್ತದೆ. ಬಿಡಲಿಲ್ಲ. ಅರಚಿದೆ, ಬಿಡಲಿಲ್ಲ. ಮೇಲಿನ ಅಚ್ಚು ಅವಳ ಎರಡು ಬೆರಳನ್ನು ಒತ್ತಿಹಿಡಿದು ನಿಂತಿತು.

ಉಳಿದವರು ತಮ್ಮ ತಮ್ಮ ಯಂತ್ರಕ್ಕೆ ಓಡಿ ತಮ್ಮ ಕೈ ಕೂಡಿಸಿಕೊಂಡರು. ಷೆಡ್ಡಿನಲ್ಲಿ ಒಂದೇ ಕೂಗು ಎದ್ದಿತು. ಹೊಸ್ತಿಲು ಹೊಸ್ತಿಲಲ್ಲಿ ಹಂಚಿಹೋಗಿದ್ದ ನರಳಾಟ ಒಂದು ಸೂರಿನಡಿ ಸೇರಿದರೆ ಹೇಗಿರುತ್ತದೆಂದು ಆವತ್ತು ಕೇಳಿದೆ. ಕೋಣೆಯೊಳಗೆ ಚಿದಂಬರನಿಗೂ ಕೇಳಿರಬೇಕು, ಸುತ್ತಿಗೆ ನಿಂತಿತು. ಕೂಡಿಸಿಕೊಂಡವರು ಬಂದು ನನ್ನ ಕೈಗಳ ಪಕ್ಕ ಚಕ್ರಕ್ಕೆ ಕೈ ಹಾಕಿದರು. ಹಲ್ಲು ಕಚ್ಚಿ ಹಿಂದಕ್ಕೆ ತಿರುಗಿಸಿದೆವು. ಅಚ್ಚು ಒಂದು ಬೆರಳ ದಪ್ಪ ಮೇಲೆದ್ದಿತು. ಅಷ್ಟೇ. ತಿರುಪು ಸಿಕ್ಕಿಕೊಂಡಿತ್ತು. ಹೆಚ್ಚು ಹೊತ್ತು ಹಿಡಿಯುವಂತಿರಲಿಲ್ಲ.

ಚಾಚಿ ನೀಲವ್ವನ ಕೈಗಳನ್ನು ಎಳೆದು ನೋಡಿದಳು. ಎಡಗೈಯೂ ಬರಲಿಲ್ಲ, ಬಲಗೈಯೂ ಬರಲಿಲ್ಲ. ಅಚ್ಚಿನ ಅಂಚಿಗೆ ಇನ್ನೂ ಬಿಗಿಯಾಗಿ ಕಚ್ಚಿಕೊಂಡವು. “ಆಕೀನ ಬರಬೇಕು,” ಅಂದಳು.

ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಚಾಚಿ ಹೋಗಿ ಗಂಟು ಬಿಚ್ಚಿ ಕೂಸನ್ನು ತೆಗೆದುಕೊಂಡಳು. ಅವಳು ಯಂತ್ರದ ಬಳಿ ಬಂದು ಮಂಡಿಯೂರಿದಳು. ತನ್ನ ಬಲಗೈ ನೋಡಿದಳು. ಆಮೇಲೆ ಮೇಲೆ ನೋಡಿದಳು, ಚಕ್ರದ ಮೇಲಿನ ಎಲ್ಲ ಕೈಗಳ ನಡುವೆ ನನ್ನ ಕೈಗಳನ್ನು, ಆಮೇಲೆ ನನ್ನ ಮುಖವನ್ನು.

“ನೀಲಿ, ಈ ಚಕ್ರ ನಂದು,” ಅಂದೆ. “ವರ್ಷದಿಂದ ನಂದ. ನಿನ್ನೆ ನಿನ್ನ ಪೆಟ್ಟಿಗಿ ಮ್ಯಾಲೆ ಓದೀನಿ. ಓದಿ ಸುಮ್ನ ಬಂದೆ.”

ಚಕ್ರ ನಮ್ಮ ಕೈಗಳಲ್ಲಿ ನಡುಗುತ್ತಿತ್ತು, ಯಾರದೋ ಬೆವರು ನನ್ನ ಬೆರಳುಗಳ ಮೇಲೆ ಇಳಿಯುತ್ತಿತ್ತು.

“ನೀ ಅಂದಿದ್ರ ತಗೀತಿದ್ನಲ್ಲ ಯಕ್ಕಾ,” ಅಂದಳು.



ಅವಳು ಎಡತೋಳನ್ನು ಎಡಗೈಗೆ ಕೂಡಿಸಿ, ತುಟಿ ಕಚ್ಚಿ, ಆ ಕೈಯನ್ನು ಹೊರಗೆಳೆದುಕೊಂಡಳು. ಬಲತೋಳನ್ನು ಅಚ್ಚಿನ ಸಂದಿಗೆ ತಂದು, ಮಣಿಕಟ್ಟು ಮಣಿಕಟ್ಟಿಗೆ ಒಂದು ಕೂದಲು ದೂರದಲ್ಲಿ ನಿಲ್ಲಿಸಿದಳು. ಕೂಡಿಸದಿದ್ದರೆ ಆ ನೋವು ಅವಳಿಗೆ ಎಂದೂ ಮುಟ್ಟುತ್ತಿರಲಿಲ್ಲ. ಕೈಯೂ ಸಿಗುತ್ತಿರಲಿಲ್ಲ.

“ಈಗರ ಅನ್ನು,” ಅಂದಳು, ನನ್ನ ಕಡೆ ನೋಡದೆ.

“ಬಂತು!” ಅಂದೆ. ವರ್ಷದ ಮೇಲೆ ಕೂಗಿದ್ದೆ. ನನ್ನ ಹಿಂದಿದ್ದವರೂ ಅಂದರು, ಹನ್ನೆರಡೂ ಯಂತ್ರದವರು ಅಂದರು, “ಬಂತು!”

ನೀಲವ್ವ ಕೂಡಿಸಿಕೊಂಡಳು. ಅವಳ ಬಾಯಿ ತೆರೆಯಿತು, ಮೊದಲು ಅದರಿಂದ ಯಾವ ಸದ್ದೂ ಬರಲಿಲ್ಲ. ಕೂಸು ಚಾಚಿಯ ಹೆಗಲ ಮೇಲೆ ಅಳತೊಡಗಿತು. ಚಕ್ರ ಒಂದೆಳೆ ಜಾರಿತು, ಹಿಡಿದೆವು. ಇನ್ನೊಂದೆಳೆ ಜಾರಿತು, ಹಿಡಿದೆವು. ಅವಳ ಹಣೆ ಅಚ್ಚಿನ ಕಬ್ಬಿಣಕ್ಕೆ ತಾಗಿತ್ತು, ಮುಖ ಕಾಣುತ್ತಿರಲಿಲ್ಲ. ಅವಳ ಕೈ ಹೊರಗೆ ಬಂತೋ ಇಲ್ಲವೋ ನಾನು ನಿಂತಲ್ಲಿಂದ ಕಾಣುತ್ತಿರಲಿಲ್ಲ. ಪಕ್ಕದವಳು “ಬಿಡೂನೇನ ಶಾವಕ್ಕ, ಬಿಡೂನೇನು?” ಅನ್ನುತ್ತಿದ್ದಳು.

“ತಡಿ,” ಅಂದೆ. “ಆಕಿ ಇನ್ನೂ ಅಂದಿಲ್ಲ.”

ಎಷ್ಟು ಹೊತ್ತು ನಿಂತೆವೋ ನಾನು ಎಣಿಸಲಿಲ್ಲ. ಕೊನೆಗೆ ಕೆಳಗಿನಿಂದ, ಕಬ್ಬಿಣದ ಆಚೆಯಿಂದ, ನಾಲ್ಕು ವರ್ಷ ದಿನಕ್ಕೆ ಸಾವಿರ ಸಲ ಕೇಳಿದ್ದ ಆ ದನಿ, ಅರ್ಧ ಅಳು, ಅರ್ಧ ಸಿಟ್ಟು, ಬಂತು.

“ತಗದೆ.”

ಆಮೇಲೆಯೇ ನಾವು ಚಕ್ರ ಬಿಟ್ಟದ್ದು.